ಒಗ್ಗರಣೆ ಡಬ್ಬಿಯ ಬೀಗದ ಕೈಗಳು

ಮೈಥಿಲಿ ಆಂಟಿಯ ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿಗಳು ಎರಡಿದ್ದವು. ಒಲೆಯ ಪಕ್ಕದ್ದರಲ್ಲಿ ಎಲ್ಲರ ಮನೆಯಲ್ಲಿರುವಂತೆ ಸಾಸಿವೆ, ಜೀರಿಗೆ, ಮೆಂತ್ಯ, ಕಡಲೆಬೇಳೆ. ಮೇಲಿನ ಕಪಾಟಿನಲ್ಲಿದ್ದ ಇನ್ನೊಂದನ್ನು ಯಾಮಿನಿ ಮೊದಲ ಸಲ ತೆರೆದದ್ದು ಅರಿಶಿನ ಹುಡುಕುತ್ತ. ಏಳು ಬಟ್ಟಲುಗಳಲ್ಲೂ ಬೀಗದ ಕೈಗಳಿದ್ದವು. ಒಂದೊಂದಕ್ಕೂ ದಾರದಲ್ಲಿ ಒಂದು ರಟ್ಟಿನ ಚೂರು ಕಟ್ಟಿ, ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ಒಂದೊಂದೇ ಮಾತು: ಮೀನು. ಕುಂಟು ಕುರ್ಚಿ. ಎರಡು ಪಿಯಾನೊ. ಸಿಡುಕ.

"ಆಂಟಿ, ಇದ್ಯಾರು ಸಿಡುಕ?"

"ಯಾರೂ ಅಲ್ಲ ಕಣೇ, ಅವರ ಗರಾಜ್ ಬಾಗಿಲು. ಮೂರು ಸಲ ಒದರಿ ಆಮೇಲೆ ತೆಗೆಯತ್ತೆ. ಅರಿಶಿನ ಆ ಕಡೆ ಇದೆ ನೋಡು."

ಮಾರಿಸ್‌ವಿಲ್‌ನ ಆ ಟೌನ್‌ಹೌಸ್ ಸಾಲುಗಳಲ್ಲಿ ಡಿಸೆಂಬರ್ ಬಂತೆಂದರೆ ಅರ್ಧಕ್ಕರ್ಧ ಮನೆಗಳು ಖಾಲಿ. ಜೂನ್‌ನಲ್ಲಿ ಶಾಲೆ ಮುಗಿದಾಗ ಇನ್ನೊಮ್ಮೆ. ಐದು ವಾರ, ಆರು ವಾರ ಊರಿಗೆ ಹೋಗುವವರು ಸೂಟ್‌ಕೇಸ್ ತೂಗಿ, ಫ್ರಿಜ್ ಖಾಲಿ ಮಾಡಿ, ಕಡೆಯದಾಗಿ ಮೈಥಿಲಿ ಆಂಟಿಯ ಬಾಗಿಲು ತಟ್ಟಿ ಬೀಗದ ಕೈ ಕೊಟ್ಟು ಹೋಗುವರು. ತುಳಸಿಗೆ ನೀರು, ಅಂಚೆಪೆಟ್ಟಿಗೆಯ ಕಾಗದ, ಮೀನಿಗೆ ಆಹಾರ, ಶುಕ್ರವಾರ ದೇವರ ಮುಂದೊಂದು ದೀಪ. ವಾಪಸ್ ಬರುವಾಗ ಒಂದು ಡಬ್ಬಿ ಮೈಸೂರು ಪಾಕ್. ಇದು ಯಾರೂ ಮಾಡದ ಏರ್ಪಾಡು, ತಾನಾಗಿ ಆದದ್ದು. ಯಾಮಿನಿಯೂ ಬೀಗದ ಕೈ ಕೊಟ್ಟವಳೇ. ತನ್ನದರ ಮೇಲೆ ಏನು ಬರೆದಿದೆ ಎಂದು ಆವತ್ತು ಹುಡುಕಿದಳು. 'ಬಾಯಾರಿದ ಕರಿಬೇವು' ಎಂದಿತ್ತು. ನಾಚಿಕೆಯಾಗಿ ಮುಚ್ಚಳ ಹಾಕಿಟ್ಟಳು.

ಆಂಟಿಯ ಕೈಗೆ ಮೊದಲ ಬೀಗದ ಕೈ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ. ಪಕ್ಕದ ಮನೆಯ ಹೆಣ್ಣುಮಗಳೊಬ್ಬಳಿಗೆ ಊರಿನಿಂದ ತಂದೆ ಹೋದರೆಂಬ ಸುದ್ದಿ ಬಂದಿತ್ತು. ಏರ್‌ಪೋರ್ಟಿಗೆ ಹೊರಟ ಕಾರಿನ ಕಿಟಕಿಯಿಂದ ಕೈಯನ್ನು ಹೊರಗೆ ಚಾಚಿ, "ಆಂಟಿ, ಹಾಲು ಒಲೆ ಮೇಲಿದೆ!" ಎಂದು ಕೂಗಿ ಬೀಗದ ಕೈ ಎಸೆದಳಂತೆ. ಮೂವತ್ತೊಂಬತ್ತು ವರ್ಷದ ಮೈಥಿಲಿಯನ್ನು ಯಾರಾದರೂ ಆಂಟಿ ಎಂದದ್ದೂ ಅದೇ ಮೊದಲು. ಓಡಿ ಹೋಗಿ ಹಾಲು ಉಕ್ಕುವ ಮುಂಚೆ ಒಲೆ ಆರಿಸಿದರು. ಆ ಎರಡೂ, ಹೆಸರೂ ಬೀಗದ ಕೈಯೂ, ಅವರ ಬಳಿಯೇ ಉಳಿದುಬಿಟ್ಟವು.

ಅವರು ಮೈಸೂರಿನ ಸರಸ್ವತೀಪುರಂನವರು. ಬಿ.ಎಸ್ಸಿ. ಪಾಸಾದ ವರ್ಷವೇ ಮದುವೆ. ತೊಂಬತ್ತೆಂಟರಲ್ಲಿ ಗಂಡ ಶೇಷಾದ್ರಿಯವರ ಹಿಂದೆ, ಆರು ವರ್ಷದ ಮಗ ಚಿರಂತನನ ಕೈ ಹಿಡಿದು ಇಲ್ಲಿಗೆ ಬಂದರು. ಬಂದದ್ದು ಹೆಂಡತಿಯರ ವೀಸಾದಲ್ಲಿ. ಅದರಲ್ಲಿ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಸಂಬಳವಿಲ್ಲದ್ದನ್ನು ಎಷ್ಟು ಬೇಕಾದರೂ ಮಾಡಬಹುದಿತ್ತು. ಹತ್ತು ವರ್ಷದ ಮೇಲೆ ಗ್ರೀನ್ ಕಾರ್ಡ್ ಬರುವ ಹೊತ್ತಿಗೆ ಆ ಎರಡನೆಯದು ಎಷ್ಟು ಬೆಳೆದುಬಿಟ್ಟಿತ್ತೆಂದರೆ ಮೊದಲನೆಯದಕ್ಕೆ ದಿನದಲ್ಲಿ ಜಾಗವಿರಲಿಲ್ಲ.

ಶೇಷಾದ್ರಿ ಇಪ್ಪತ್ತೊಂದರ ಜನವರಿಯಲ್ಲಿ ಕೋವಿಡ್‌ನಿಂದ ಹೋದರು. ಮನೆಯ ಕಂತನ್ನು ಅಟ್ಲಾಂಟಾದಲ್ಲಿದ್ದ ಚಿರಂತನ್ ಕಟ್ಟತೊಡಗಿದ. ಇಪ್ಪತ್ತಮೂರರ ಸೆಪ್ಟೆಂಬರಿನಲ್ಲಿ ಅವನು ಫೋನ್ ಮಾಡಿ, ಸಂಕೋಚದಿಂದಲೇ, ಎರಡೆರಡು ಮನೆ ನಡೆಸಲು ಇನ್ನು ಆಗುವುದಿಲ್ಲವೆಂದ. ಜನವರಿಯಲ್ಲಿ ಮಗು ಬರುವುದಿತ್ತು. "ಡೇಕೇರ್ ವೇಯ್ಟ್‌ಲಿಸ್ಟ್ ಒಂದು ವರ್ಷ ಇದೆಯಮ್ಮ. ನೀನೂ ಅಲ್ಲಿ ಒಬ್ಳೇ. ಥ್ಯಾಂಕ್ಸ್‌ಗಿವಿಂಗ್ ಆದ್ಮೇಲೆ ಮನೆ ಮಾರಾಟಕ್ಕೆ ಲಿಸ್ಟ್ ಮಾಡೋಣ. ಇಲ್ಲಿ ನಿಂಗೆ ಒಂದು ರೂಮ್ ರೆಡಿ ಇದೆ."

ಆಂಟಿ ಯಾಮಿನಿಗೆ ಇದನ್ನು ಹೇಳಿದ್ದು ಅವರೆಕಾಳು ಹಿಸುಕುತ್ತ. "ಮೊಮ್ಮಗೂನ ನೋಡೋಕೆ ನಾನು ನಡ್ಕೊಂಡು ಬೇಕಾದ್ರೂ ಅಟ್ಲಾಂಟಾಗೆ ಹೋಗ್ತೀನಿ ಯಾಮಿನಿ. ಆದ್ರೆ ನೋಡೋಕೆ ಹೋಗೋದು ಬೇರೆ, ನೋಡ್ಕೊಳ್ಳೋಕೆ ಹೋಗೋದು ಬೇರೆ. ವಾಪಸ್ ಬರೋಕೆ ಒಂದು ಬಾಗಿಲು ನಂದು ಅಂತ ಇರ್ಬೇಕಲ್ವಾ? ಕಂತು ನಾನೇ ಕಟ್ತೀನಿ ಅಂದ್ರೆ ಅವನು ಮಾರಲ್ಲ. ನಂಗೊಂದು ಕೆಲಸ ಬೇಕು."

ಯಾಮಿನಿ ಸಾಫ್ಟ್‌ವೇರಿನವಳು. ಒಂದೇ ಸಂಜೆಯಲ್ಲಿ ಕೆಲಸ ಹುಡುಕಿದಳು. ಹತ್ತಿರದ ಊರು ಏಪೆಕ್ಸ್‌ನಲ್ಲಿ ಒಂದು ಕಂಪನಿ. ಮಾಲೀಕರು ಊರಲ್ಲಿಲ್ಲದಾಗ ಅವರ ಮನೆಗಳನ್ನು ನೋಡಿಬರುವುದೇ ಅದರ ವ್ಯಾಪಾರ. ನಲ್ಲಿ ಸೋರುತ್ತಿದೆಯೆ, ಗಿಡ ಬದುಕಿದೆಯೆ, ಬಾಗಿಲು ಭದ್ರವೆ, ಇಷ್ಟೇ. ಯಾಮಿನಿ ಓದುತ್ತ ಓದುತ್ತ ನಗಲಾರಂಭಿಸಿದಳು. "ಆಂಟಿ, ನೀವು ಹತ್ತೊಂಬತ್ತು ವರ್ಷದಿಂದ ಮೈಸೂರು ಪಾಕ್‌ಗೆ ಮಾಡ್ತಿರೋದನ್ನ ಇವರು ಗಂಟೆ ಲೆಕ್ಕದಲ್ಲಿ ಮಾಡ್ತಿದಾರೆ!"

ಅರ್ಜಿ ತುಂಬಲು ಇಬ್ಬರೂ ಊಟದ ಮೇಜಿನ ಮುಂದೆ ಕುಳಿತರು. ಹೆಸರು, ವಿಳಾಸ, ಡ್ರೈವಿಂಗ್ ಲೈಸೆನ್ಸ್. ಹಿಂದಿನ ಉದ್ಯೋಗ ಎಂಬಲ್ಲಿ ಆಂಟಿ ತಾವೇ "ಇಲ್ಲ" ಎಂದರು. ಹತ್ತನೆಯ ಪ್ರಶ್ನೆಗೆ ಯಾಮಿನಿಯ ಬೆರಳು ನಿಂತಿತು. 'ಆರ್ ಯೂ ಬಾಂಡೆಬಲ್?'

"ಬಾಂಡಾ!" ಎಂದಳು ಯಾಮಿನಿ. "ಇಲ್ಲೂ ಶುರು ಮಾಡಿದ್ರಾ ಇದನ್ನ?"

ಬಾಂಡ್ ಎಂದರೆ ಏನೆಂದು ಯಾಮಿನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಮೊದಲ ಕಂಪನಿಗೆ ಸೇರಿದಾಗ ಅವಳೂ ಛಾಪಾ ಕಾಗದದ ಮೇಲೆ ಸಹಿ ಹಾಕಿದ್ದಳು: ಎರಡು ವರ್ಷ ಬಿಟ್ಟು ಹೋಗುವುದಿಲ್ಲ, ಹೋದರೆ ಇಷ್ಟು ಕಟ್ಟುತ್ತೇನೆ. ಅಸಲು ಮಾರ್ಕ್ಸ್ ಕಾರ್ಡುಗಳನ್ನು ಕಂಪನಿ ತನ್ನ ಬೀರುವಿನಲ್ಲಿಟ್ಟುಕೊಂಡಿತ್ತು. ಹದಿನಾಲ್ಕನೆಯ ತಿಂಗಳಲ್ಲಿ ಅಪ್ಪ ಬಂದು ದುಡ್ಡು ಕಟ್ಟಿ ಅವಳನ್ನು ಬಿಡಿಸಿಕೊಂಡು ಹೋಗಬೇಕಾಯಿತು, ಪೊಲೀಸ್ ಠಾಣೆಯಿಂದ ಬಿಡಿಸಿಕೊಂಡು ಹೋಗುವಂತೆ. ಆ ಅವಮಾನ ಅವಳಿಗೆ ಇನ್ನೂ ಹಸಿಯಾಗಿತ್ತು.

"ಬೇಡವೇ ಬೇಡ ಆಂಟಿ. ಬಾಂಡ್ ಅಂದ್ರೆ ಎರಡು ವರ್ಷ ಕಟ್ಟಿಹಾಕ್ತಾರೆ."

"ಅಯ್ಯೋ, ಜನವರೀಲಿ ಬಾಣಂತನಕ್ಕೆ ಹದಿನೈದು ದಿನವಾದ್ರೂ ಹೋಗ್ಬೇಕಲ್ಲೇ!"

"ಅದಕ್ಕೇ. ನೋ ಅಂತ ಹಾಕ್ತೀನಿ." ನೋ ಎಂದು ಒತ್ತಿದ ಕೂಡಲೇ ಕೆಳಗೊಂದು ಚೌಕ ತೆರೆದುಕೊಂಡಿತು. ಇಲ್ಲವೆಂದರೆ ಕಾರಣ ಕೊಡಿ ಎಂದಿತು. ಯಾಮಿನಿ ಕ್ಷಣವೂ ಯೋಚಿಸದೆ 'ಕೌಟುಂಬಿಕ ಜವಾಬ್ದಾರಿಗಳ ಕಾರಣದಿಂದ' ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದಳು.

ಮೂರನೆಯ ದಿನ ಎರಡು ಸಾಲಿನ ಉತ್ತರ ಬಂತು. ತಮ್ಮ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ, ಶುಭವಾಗಲಿ. ಆಂಟಿ ಎರಡು ಸಲ ಓದಿದರು. "ವಯಸ್ಸಾಯ್ತಲ್ಲ, ಅದಕ್ಕಿರ್ಬೇಕು" ಎಂದು ಹೇಳಿ ಎದ್ದು ಹೋಗಿ ಮೇಲಿನ ಕಪಾಟಿನಿಂದ ಬೀಗದ ಕೈಗಳ ಡಬ್ಬಿ ಇಳಿಸಿದರು. ಊರು ಬಿಡುವವರು ಇನ್ನೊಬ್ಬರ ಬೀಗದ ಕೈ ಇಟ್ಟುಕೊಳ್ಳಬಾರದು, ಒಬ್ಬೊಬ್ಬರಿಗೂ ತಿರುಗಿಸಿ ಕೊಡಬೇಕು ಎಂದರು. ಅಳಲಿಲ್ಲ. ಅಳದೇ ಇದ್ದದ್ದೇ ಯಾಮಿನಿಗೆ ಚುಚ್ಚಿತು.

ಮಾರನೆಯ ದಿನ ಆಫೀಸಿನಲ್ಲಿ ಊಟದ ಡಬ್ಬಿ ತೆರೆದುಕೊಂಡು ಕುಳಿತವಳಿಗೆ ಆ ಪದ ಮತ್ತೆ ನೆನಪಾಯಿತು. ಮನೆ ನೋಡಿಬರುವ ಕೆಲಸಕ್ಕೆ ಎರಡು ವರ್ಷದ ಬಾಂಡ್ ಯಾಕೆ? ಫೋನಿನಲ್ಲಿ ಹುಡುಕಿದಳು. ಓದಿದಳು. ಬಾಯಿಗೆ ಹೋಗುತ್ತಿದ್ದ ಚಮಚ ಹಾಗೇ ಕೆಳಗಿಳಿಯಿತು.

ಕೆಲಸಗಾರನನ್ನು ಕಟ್ಟಿಹಾಕುವ ಕಾಗದವಲ್ಲ ಅದು. ಕೆಲಸಗಾರ ಕದ್ದರೆ ಆ ನಷ್ಟ ನಾವು ತುಂಬಿಕೊಡುತ್ತೇವೆ ಎಂದು ಇನ್ಶೂರೆನ್ಸ್ ಕಂಪನಿಯೊಂದು ಮಾಲೀಕನಿಗೆ ಬರೆದುಕೊಡುವ ಮಾತು. ಹಾಗೆ ಬರೆದುಕೊಡಲು ತಕ್ಕವರು ಬಾಂಡೆಬಲ್. ಕಳವು, ಮೋಸದಲ್ಲಿ ಹಿಂದೆ ಸಿಕ್ಕಿಬಿದ್ದವರು ಅಲ್ಲ.

ಆ ಮಧ್ಯಾಹ್ನವೇ ರಜೆ ಹಾಕಿ ಆಂಟಿಯ ಮನೆಗೆ ಬಂದಳು. ಹೇಳಿ ಮುಗಿಸುವ ತನಕ ಅವರ ಮುಖ ನೋಡಲಿಲ್ಲ.

"ಅಂದ್ರೆ," ಎಂದರು ಆಂಟಿ ನಿಧಾನವಾಗಿ, "ನಾನು ಕಳ್ಳಿ ಅಂತ ನಾವೇ ಬರ್ಕೊಟ್ವಾ?"

"ಹ್ಞೂಂ ಆಂಟಿ."

"ಕೌಟುಂಬಿಕ ಜವಾಬ್ದಾರಿ ಕಾರಣಕ್ಕೆ ಕದೀತೀನಿ ಅಂತ?"

ಯಾಮಿನಿ ತಲೆ ಎತ್ತಿದಳು. ಆಂಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ನಗು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು:

"ನಮ್ಮಮ್ಮ ಕೆಲಸದವಳು ಮನೆಗೆ ಹೋಗೋವಾಗ ಸೊಂಟದ ಗಂಟು ಬಿಚ್ಚಿಸಿ ನೋಡ್ತಿದ್ರು. ಅವಳ ಹೆಸರು ಶಿವಬಸಮ್ಮ. ಒಂದಿನಾನೂ ಏನೂ ಸಿಕ್ಲಿಲ್ಲ, ಒಂದಿನಾನೂ ನೋಡೋದು ಬಿಡ್ಲಿಲ್ಲ. ಇಲ್ಲಿ ಯಾರೋ ಮೂರನೆಯವರು, ಇವಳು ಕದಿಯೋಳಲ್ಲ ಅಂತ ಬರ್ದು ಸಹಿ ಹಾಕ್ತಾರಾ? ನನ್ನಂಥೋಳಿಗೂ?"

ಯಾಮಿನಿ ಕೆಲಸ ಕೊಡಿಸಲು ಹೊರಟಿದ್ದಳು. ಆಂಟಿಗೆ ಈಗ ಕೆಲಸದ ಜೊತೆಗೆ ಆ ಕಾಗದವೂ ಬೇಕಾಗಿದೆ ಎಂದು ಆ ದನಿಯಲ್ಲೇ ಅವಳಿಗೆ ತಿಳಿಯಿತು.

ಕಂಪನಿಯ ಒಡತಿ ಡೆನೀಸ್ ಪೂಲ್ ಅರವತ್ತರ ಹತ್ತಿರದ ಕಪ್ಪು ಹೆಂಗಸು, ಅದೇ ಕೌಂಟಿಯಲ್ಲಿ ಹುಟ್ಟಿ ಬೆಳೆದವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಮಿಸ್ ಡೆನೀಸ್ ಎನ್ನುತ್ತಿದ್ದರು. ಮಾರನೆಯ ದಿನ ಆಂಟಿಯೊಂದಿಗೆ ಅಲ್ಲಿಗೆ ಹೋದ ಯಾಮಿನಿ ತಡವರಿಸುತ್ತ ತನ್ನ ತಪ್ಪನ್ನೆಲ್ಲ ಹೇಳಿಕೊಂಡಳು. ಮಿಸ್ ಡೆನೀಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಪ್ರಶ್ನೆಗೆ ಜನ ಏನೇನೋ ಕಾರಣ ಬರೆದದ್ದು ಓದಿದ್ದೀನಿ, ಹನಿ. ಆಗ ಚಿಕ್ಕವನಿದ್ದೆ, ಗೆಳೆಯ ಕೆಟ್ಟವನಿದ್ದ, ಎಲ್ಲಾ. ಕೌಟುಂಬಿಕ ಜವಾಬ್ದಾರಿಗೋಸ್ಕರ ಕದ್ದೆ ಅಂತ ಬರೆದವರು ಇವರೇ ಮೊದಲು. ನಾವು ಆಫೀಸಲ್ಲಿ ಎರಡು ದಿನ ಇದನ್ನೇ ಮಾತಾಡಿದ್ವಿ." ಅವರ ನಗು ದೊಡ್ಡದಾಗಿತ್ತು. ಆಮೇಲೆ ಗಂಭೀರವಾದರು. "ಮಿಸ್ ಮೈಥಿಲಿ, ಬಾಂಡ್ ಏನೂ ದಾನಧರ್ಮ ಅಲ್ಲ. ಅದು ನನ್ನ ಗಿರಾಕಿಗಳ ರಕ್ಷಣೆಗೆ, ನಿಮ್ಮದಕ್ಕಲ್ಲ. ನೀವು ಕದ್ದರೆ ಅವರು ಕಟ್ಟಿಕೊಡ್ತಾರೆ, ಆಮೇಲೆ ನಿಮ್ಮ ಬೆನ್ನು ಹತ್ತುತ್ತಾರೆ. ಆದರೆ ಬರೆದುಕೊಡೋಕೆ ಮೊದಲು ಅವರು ನಿಮ್ಮನ್ನ ನಂಬಲೇಬೇಕು. ನೋಡೋಣ."

ಕಂಪ್ಯೂಟರಿನಲ್ಲಿ ನೋಡಿದರು. ಅಪರಾಧವೇನೂ ಇರಲಿಲ್ಲ. ಸಾಲ, ಬಿಲ್ಲು ಕಟ್ಟಿದ ಚರಿತ್ರೆಯ ಪುಟ ತೆರೆದಾಗ ಅವರ ಹುಬ್ಬು ಮೇಲೇರಿತು. ಪುಟ ಖಾಲಿ.

"ಈ ದೇಶದಲ್ಲಿ ಎಷ್ಟು ವರ್ಷ ಇದ್ದೀರಿ?"

"ಇಪ್ಪತ್ತೈದು."

"ಇದರ ಪ್ರಕಾರ ನೀವು ಇಲ್ಲಿಗೆ ಬಂದೇ ಇಲ್ಲ."

ಕರೆಂಟು, ನೀರು, ಫೋನು, ಕಾರ್ಡು, ಎಲ್ಲ ಶೇಷಾದ್ರಿಯವರ ಹೆಸರಿನಲ್ಲಿದ್ದವು. ಅವರು ಹೋದ ಮೇಲೆ ಚಿರಂತನ್, ನಿಂಗ್ಯಾಕಮ್ಮ ತಲೆನೋವು ಎಂದು ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಇಪ್ಪತ್ತೈದು ವರ್ಷ ಆ ಮನೆಯ ಒಂದೊಂದು ಕಾಗದವನ್ನೂ ಬಿಡಿಸಿ, ಜೋಡಿಸಿ, ದಿನ ತಪ್ಪದಂತೆ ಗಂಡನಿಗೆ ನೆನಪಿಸಿದ ಹೆಂಗಸಿನ ಹೆಸರು ಒಂದರ ಮೇಲೂ ಇರಲಿಲ್ಲ. ಯಾಮಿನಿ ಆ ಬಿಳಿಯ ಪರದೆಯನ್ನೇ ನೋಡುತ್ತಿದ್ದಳು.

"ಹಾಗಿದ್ರೆ ಪರಿಚಯದ ಪತ್ರಗಳು ಬೇಕಾಗ್ತವೆ," ಎಂದರು ಮಿಸ್ ಡೆನೀಸ್. "ಸಂಬಂಧಿಕರಲ್ಲದವರು. ತಮ್ಮ ಆಸ್ತಿಯನ್ನ ನಿಮ್ಮ ಕೈಗೆ ಒಪ್ಪಿಸಿದವರು. ಅಂಥವರು ಇದ್ದಾರಾ?"

"ಇಲ್ಲ ಮೇಡಂ," ಎಂದರು ಆಂಟಿ. "ನಾನು ಎಲ್ಲೂ ಕೆಲಸ ಮಾಡಿಲ್ಲ."

"ಆಂಟಿ!" ಯಾಮಿನಿ ಕುರ್ಚಿಯಿಂದ ಎದ್ದೇಬಿಟ್ಟಳು. "ಆ ಚೀಲದಲ್ಲೇನಿದೆ?"

ಬೀಗದ ಕೈಗಳನ್ನು ಒಬ್ಬೊಬ್ಬರಿಗೂ ತಿರುಗಿಸಿ ಕೊಡಬೇಕೆಂದು ಆಂಟಿ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡೇ ಬಂದಿದ್ದರು. ಅದು ಮೇಜಿನ ಮೇಲೆ ಬಂತು. ಮುಚ್ಚಳ ತೆರೆಯಿತು. ಮಿಸ್ ಡೆನೀಸ್ ಒಂದು ಬೀಗದ ಕೈ ಎತ್ತಿ ರಟ್ಟಿನ ಚೂರನ್ನು ತಿರುಗಿಸಿ ನೋಡಿದರು.

"ಏನು ಬರೆದಿದೆ?"

"ಕುಂಟು ಕುರ್ಚಿ," ಎಂದು ಯಾಮಿನಿ ಅನುವಾದಿಸಿದಳು.

"ಮನೆ ನಂಬರ್ ಎಲ್ಲಿ?"

"ನಂಬರ್ ಬರೀಬಾರದಲ್ಲ," ಎಂದರು ಆಂಟಿ, ಇದೂ ಕೇಳುವ ಮಾತೇ ಎಂಬಂತೆ. "ಡಬ್ಬಿ ಯಾರಾದ್ರೂ ಎತ್ಕೊಂಡು ಹೋದ್ರೆ? ಆ ಕುರ್ಚಿ ಆ ಮನೆ ಒಳಗಿದೆ. ಒಳಗೆ ಹೋದವರಿಗೆ ಮಾತ್ರ ಗೊತ್ತು."

ಮಿಸ್ ಡೆನೀಸ್ ಬೀಗದ ಕೈಯನ್ನು ಮೆಲ್ಲಗೆ ಅದರ ಬಟ್ಟಲಿಗೇ ಇಳಿಸಿದರು. "ಇದನ್ನ ಹೊಸ ಹುಡುಗರಿಗೆ ಕಲಿಸೋಕೆ ನಾನು ಒಂದು ವಾರ ತಗೋತೀನಿ. ನಿಮಗೆ ಯಾರು ಕಲಿಸಿದ್ರು?"

"ಯಾರೂ ಇಲ್ಲ."

"ಒಳಗೆ ಹೋಗಿ ಏನು ಮಾಡ್ತೀರಿ?"

ಆಂಟಿ ಬೆರಳು ಮಡಿಸದೆ, ಆತುರವಿಲ್ಲದೆ ಹೇಳಿದರು. ಗಿಡ, ನಲ್ಲಿ, ಫ್ರಿಜ್ಜಿನ ವಾಸನೆ, ಗರಾಜ್. ಶುಕ್ರವಾರ ದೀಪ. ದೀಪ ಎಂದಾಗ ಮಿಸ್ ಡೆನೀಸ್ ತಡೆದರು. ಖಾಲಿ ಮನೆಯಲ್ಲಿ ಬೆಂಕಿಯಾ? ಆಂಟಿಗೆ ಇಂಗ್ಲಿಷಿನಲ್ಲಿ ದೀಪ ಆರಿತು ಎಂದು ಬಾಯಿ ಬಿಟ್ಟು ಹೇಳಲು ಮನಸ್ಸಾಗಲಿಲ್ಲ. ದೇವರ ದೀಪಕ್ಕೆ ಆ ಮಾತು ಆಡಬಾರದು, ಶಾಂತವಾಯಿತು ಎನ್ನಬೇಕು. "ಐ ಸಿಟ್ ದೇರ್," ಎಂದರು. "ಟಿಲ್ ಇಟ್ ಬಿಕಮ್ಸ್ ಪೀಸ್‌ಫುಲ್."

"ಏನು ಪೀಸ್‌ಫುಲ್ ಆಗೋ ತನಕ, ಹನಿ?"

"ದಿ ಲ್ಯಾಂಪ್. ಉರಿಯೋ ದೀಪ ಬಿಟ್ಟು ಬೀಗ ಹಾಕಬಾರದು. ಎಣ್ಣೆ ಸ್ವಲ್ಪವೇ ಹಾಕ್ತೀನಿ. ಇಪ್ಪತ್ತು ನಿಮಿಷ ಆಗತ್ತೆ."

"ಪ್ರತಿ ಮನೇಲೂ?"

"ಹೌದು. ಹನ್ನೊಂದು ಮನೆ."

ಯಾಮಿನಿ ಮನಸ್ಸಿನಲ್ಲೇ ಗುಣಿಸಿದಳು. ಶುಕ್ರವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಈ ಹೆಂಗಸು ಒಂದಾದಮೇಲೊಂದು ಖಾಲಿ ಮನೆಯಲ್ಲಿ, ಬೇರೆಯವರ ದೇವರ ಮುಂದೆ, ಬೇರೆಯವರ ನೆಲದ ಮೇಲೆ ಕೂತು ದೀಪ ಕಾಯುತ್ತಿದ್ದರು. ಅವಳು ತನ್ನ ತಾಯಿಯ ಮನೆಯಲ್ಲಿ ಮಸಾಲೆದೋಸೆ ತಿನ್ನುತ್ತಿದ್ದ ವಾರಗಳಲ್ಲಿ, ಅವಳ ದೇವರ ಗೂಡಿನ ಮುಂದೆಯೂ. 'ಶುಕ್ರವಾರ ಒಂದು ದೀಪ ಹಚ್ಚಿಬಿಡಿ ಆಂಟಿ' ಎಂದು ಅವಳು ಹೇಳಿ ಹೋದದ್ದು ಒಂದು ಮಾತು. ಆ ಮಾತಿನೊಳಗೆ ಇಪ್ಪತ್ತು ನಿಮಿಷ ಇದೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಮಿಸ್ ಡೆನೀಸ್ ಡಬ್ಬಿಯ ಮುಚ್ಚಳ ಹಾಕಿ ಆಂಟಿಯ ಕಡೆಗೆ ಸರಿಸಿದರು. "ನಮ್ಮಮ್ಮ ರಾಲಿ ನಗರದಲ್ಲಿ ನಲವತ್ತು ವರ್ಷ ಬೇರೆಯವರ ಮನೆ ಒರೆಸಿದಳು," ಎಂದರು. "ಪ್ರತಿ ಶನಿವಾರ ಅವರು ಚಮಚ ಎಣಿಸ್ತಿದ್ರು, ಇವಳ ಮುಂದೇನೇ. ಪತ್ರ ತನ್ನಿ ಮಿಸ್ ಮೈಥಿಲಿ. ಮಿಕ್ಕಿದ್ದು ನನಗೆ ಬಿಡಿ."

ಯಾಮಿನಿ ಆ ಸಂಜೆಯೇ ಹನ್ನೊಂದು ಮನೆಗಳಿಗೂ ವಾಟ್ಸ್ಆ್ಯಪ್ ಮಾಡಿದಳು. ಎಲ್ಲರೂ ಹೃದಯದ ಚಿತ್ರ ಕಳಿಸಿದರು. ಶಶಿಕಾಂತ್ ಮಾತ್ರ ಫೋನ್ ಮಾಡಿದ. ಸಿಡುಕ ಗರಾಜ್ ಅವನದು.

"ಬರೆದುಕೊಡ್ತೀನಿ, ನೋ ಪ್ರಾಬ್ಲಮ್. ಆದ್ರೆ ಯಾಮಿನಿ, ಆಂಟಿ ಜಾಬ್‌ಗೆ ಹೋದ್ರೆ ಡಿಸೆಂಬರ್‌ನಲ್ಲಿ ನಮ್ಮನೆ ಯಾರು ನೋಡ್ಕೊತಾರೆ? ಟಿಕೆಟ್ ಆಲ್‌ರೆಡಿ ಬುಕ್ ಮಾಡಿಬಿಟ್ಟಿದೀವಿ."

"ಕಂಪನಿಗೆ ಫೋನ್ ಮಾಡಿ ಶಶಿ, ಆಂಟೀನೇ ಬರ್ತಾರೆ."

"ಅದಕ್ಕೆ ದುಡ್ಡು ಕೊಡ್ಬೇಕಲ್ಲ!"

"ಹೌದು," ಎಂದಳು ಯಾಮಿನಿ. ಆಮೇಲೆ ಅವನೂ ಬರೆದ.

ಹನ್ನೊಂದು ಪತ್ರ ಹೋದವು. ಒಂದು ವಾರದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಅಷ್ಟೂ ತಿರಸ್ಕೃತವಾಗಿ ಹಿಂದಕ್ಕೆ ಬಂದವು. ಮಿಸ್ ಡೆನೀಸ್ ಫೋನಿನಲ್ಲಿ ಬೇಸರದಿಂದ ಹೇಳಿದರು: "ಸಂಬಂಧಿಕರು ಬೇಡ ಅಂದಿದ್ದೆನಲ್ಲ. ಹತ್ತು ಜನ ಅಣ್ಣತಮ್ಮಂದಿರ ಮಕ್ಕಳು, ಒಬ್ಬ ಅಣ್ಣ. ಇಷ್ಟು ದೊಡ್ಡ ಸಂಸಾರ ಒಂದೇ ಕಡೆ ಹೇಗೆ ಬಂತು?"

ಯಾಮಿನಿ ಪತ್ರಗಳನ್ನು ತೆರೆದು ನೋಡಿದಳು. ನಮ್ಮ ಮೈಥಿಲಿ ಆಂಟಿ. ಆಂಟಿ ನಮಗೆ ತಾಯಿಯ ಹಾಗೆ. ಆಂಟಿ ನಮ್ಮ ಕುಟುಂಬದವರೇ. ಅವಳ ಸ್ವಂತ ಪತ್ರದಲ್ಲೇ ಏಳು ಸಲ ಆಂಟಿ ಇತ್ತು. ಪತ್ರಗಳು ಸೇರಬೇಕಾದ ಕೊನೆಯ ದಿನ ನವೆಂಬರಿನ ಮೊದಲ ಶುಕ್ರವಾರ; ಆರು ದಿನ ಉಳಿದಿತ್ತು. ಚಿರಂತನ್ ಆಗಲೇ ಮನೆ ಮಾರಿಸುವ ಏಜೆಂಟಿನ ಹೆಸರು ಕಳಿಸಿದ್ದ.

ತನ್ನ ಪತ್ರವನ್ನೇ ಮೊದಲು ತಿದ್ದಲು ಕೂತಳು. ಆಂಟಿ ಎಂಬುದನ್ನು ಹೊಡೆದುಹಾಕಿದಳು. ಆ ಜಾಗದಲ್ಲಿ ಏನು ಬರೆಯುವುದು? ನೆರೆಯವರು? ಸ್ನೇಹಿತೆ? ಎರಡೂ ಸುಳ್ಳಲ್ಲ, ಎರಡೂ ಸಾಲುತ್ತಿರಲಿಲ್ಲ. ಆಂಟಿ ಎಂದು ಕರೆದಾಗ ಎಷ್ಟು ಹಗುರವಾಗಿ ಕೇಳಬಹುದಿತ್ತು! ಕೇಳಿದ್ದೆಲ್ಲ ಸಲುಗೆಯಾಗುತ್ತಿತ್ತು, ಮಾಡಿದ್ದೆಲ್ಲ ಅಕ್ಕರೆಯಾಗುತ್ತಿತ್ತು. ಆ ಒಂದು ಪದ ತೆಗೆದ ಕೂಡಲೇ ಪತ್ರದಲ್ಲಿ ಕೆಲಸ ಕಾಣಿಸತೊಡಗಿತು. ಕಡೆಗೆ ಬರೆದಳು: 'ಶ್ರೀಮತಿ ಮೈಥಿಲಿ ಶೇಷಾದ್ರಿ ಎಂಟು ವರ್ಷಗಳಿಂದ ನನ್ನ ಮನೆಯ ಬೀಗದ ಕೈ ಹೊಂದಿದ್ದಾರೆ. ನಾನು ಅವರಿಗೆ ಏನೂ ಕೊಟ್ಟಿಲ್ಲ. ನಮ್ಮಿಬ್ಬರಿಗೂ ಯಾವ ಸಂಬಂಧವೂ ಇಲ್ಲ.' ಕೊನೆಯ ಸಾಲನ್ನು ಎರಡು ಸಲ ಅಳಿಸಿ ಮತ್ತೆ ಬರೆದಳು.

ಅಣ್ಣ ಎಂದು ಬರೆದವರು ಏಪೆಕ್ಸ್‌ನ ಡಾಕ್ಟರ್ ಪ್ರಭಾಕರ. ಎಪ್ಪತ್ತರ ದಶಕದಲ್ಲಿ ಬಂದು ಈಗ ನಿವೃತ್ತರಾದ ಹೃದಯದ ವೈದ್ಯರು. "ತಂಗಿ ಅಂತ ಬರೀಬಾರದು ಅಂದ್ರೆ ಏನಂತ ಬರೀಲಮ್ಮ ನಾನು?" ಎಂದು ಫೋನಿನಲ್ಲಿ ಕೊಂಚ ಸಿಟ್ಟಾದರು.

"ಅವರು ಏನಾಗಬೇಕು ಅಂತ ಬೇಡ ಅಂಕಲ್. ಏನು ಮಾಡಿದ್ರು ಅಂತ ಬರೀರಿ."

ಮಾರನೆಯ ದಿನ ಅವರಿಂದ ಎರಡು ಪುಟ ಬಂತು. ಹಿಂದಿನ ವರ್ಷ ಕ್ರಿಸ್‌ಮಸ್ ಹಿಂದಿನ ಬೆಳಿಗ್ಗೆ ಮಾರಿಸ್‌ವಿಲ್‌ನಲ್ಲಿ ನೀರು ಕಲ್ಲಾಗುವ ಚಳಿ. ಮನೆಮನೆಗೆ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಡಾಕ್ಟರ್ ದಂಪತಿಗಳು ಮೈಸೂರಿನಲ್ಲಿದ್ದರು. ಬೆಳಗಿನ ಏಳಕ್ಕೆ ಹೊರಟ ಈ ಹೆಂಗಸು, ಪೈಪುಗಳು ಒಡೆಯದಂತೆ ಒಂದೊಂದು ಮನೆಯಲ್ಲೂ ಸಿಂಕಿನ ಕೆಳಗಿನ ಕಪಾಟು ತೆರೆದಿಟ್ಟು, ನಲ್ಲಿಗಳನ್ನು ಹನಿಹನಿ ಬೀಳುವಷ್ಟೇ ಬಿಟ್ಟು, ಮಂಜುಗಟ್ಟಿದ ರಸ್ತೆಯಲ್ಲಿ ಹತ್ತು ಮೈಲಿ ಕಾರು ಓಡಿಸಿ ಡಾಕ್ಟರರ ಮನೆಗೂ ಬಂದರು. ನಾವು ಫೋನ್ ಮಾಡಿರಲಿಲ್ಲ, ಎಂದು ಡಾಕ್ಟರ್ ಬರೆದಿದ್ದರು. ನಮಗೆ ಚಳಿಯ ಸುದ್ದಿಯೇ ತಿಳಿದಿರಲಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಪೈಪ್ ಒಡೆದು ಚಾವಣಿ ಕುಸಿಯಿತು. ನಾನು ಐವತ್ತು ವರ್ಷ ಜನರ ಎದೆಯ ಬಡಿತ ಕೇಳಿದವನು. ಹನ್ನೊಂದು ಖಾಲಿ ಮನೆಗಳಲ್ಲಿ ನಲ್ಲಿಗಳು ಹನಿ ಹನಿಯಾಗಿ ಬಡಿದುಕೊಳ್ಳುತ್ತಿದ್ದ ಆ ಬೆಳಗನ್ನು ಈಗ ನೆನೆಯುತ್ತೇನೆ. ಇದನ್ನು ನಾನು ಅವರಿಗೆ ಹೇಳಿದ್ದೇನೆಂದು ಅನಿಸುವುದಿಲ್ಲ.

ಯಾಮಿನಿ ಅದನ್ನು ಓದಿ, ಎದ್ದು, ತನ್ನ ಅಡುಗೆಮನೆಯ ನಲ್ಲಿಯ ಮುಂದೆ ಸುಮ್ಮನೆ ನಿಂತಳು. ಆ ಚಳಿಯಲ್ಲಿ ಅವಳೂ ಊರಿಗೆ ಹೋಗಿದ್ದಳು. ಮನೆಗೆ ಏನೂ ಆಗಿರಲಿಲ್ಲ. ಏನೂ ಆಗದೆ ಇದ್ದದ್ದು ಯಾರೋ ಮಾಡಿದ ಕೆಲಸ ಎಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ.

ನವೆಂಬರಿನ ಮೊದಲ ಗುರುವಾರ ಹನ್ನೊಂದು ಹೊಸ ಪತ್ರಗಳು ಹೋದವು. ಒಂದರಲ್ಲೂ ಆಂಟಿ ಇರಲಿಲ್ಲ. ಮುಂದಿನ ಬುಧವಾರ ಮಿಸ್ ಡೆನೀಸ್ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಬಾಂಡಿಗೆ ಒಳಪಟ್ಟವರ ಪಟ್ಟಿ, ಹದಿನಾಲ್ಕು ಹೆಸರು. ಹದಿನಾಲ್ಕನೆಯದು: ಶೇಷಾದ್ರಿ, ಮೈಥಿಲಿ.

ಆಂಟಿ ಕನ್ನಡಕ ಹಾಕಿಕೊಂಡರು. ಹೆಸರಿನ ಮೇಲೆ ಬೆರಳಿಟ್ಟರು.

"ಇದನ್ನ ಬರೆದವರು ಎಲ್ಲಿದ್ದಾರೆ?"

"ಒಹಾಯೊದಲ್ಲಿ."

"ಅವರು ನನ್ನ ನೋಡಿದಾರಾ?"

"ಇಲ್ಲ."

"ನೋಡಿಲ್ಲ," ಎಂದು ಆಂಟಿ ಕನ್ನಡದಲ್ಲಿ ತಮಗೇ ಹೇಳಿಕೊಂಡರು. "ನೋಡೋರು ಇಷ್ಟು ವರ್ಷ ಬರೀಲಿಲ್ಲ. ಬರ್ದೋರು ನೋಡಿಲ್ಲ." ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಒಂದು ಜೆರಾಕ್ಸ್ ಸಿಗುವುದೇ ಎಂದು ಕೇಳಿದರು. ಯಾಮಿನಿ ಅವರನ್ನು ಎಂಟು ವರ್ಷದಿಂದ ನೋಡುತ್ತಿದ್ದಳು. ಅವರು ಇಷ್ಟು ಎತ್ತರ ಎಂದು ಆವತ್ತೇ ತಿಳಿದದ್ದು.

ಕಾರಿನಲ್ಲಿ ಕೂತೇ ಚಿರಂತನನಿಗೆ ಫೋನ್ ಮಾಡಿದರು. "ಏಜೆಂಟಿಗೆ ಬೇಡ ಅಂದ್ಬಿಡಪ್ಪ. ಡಿಸೆಂಬರಿಂದ ಕಂತು ನಾನೇ ಕಟ್ತೀನಿ. ಕರೆಂಟ್ ಬಿಲ್ಲೂ ನನ್ನ ಹೆಸರಿಗೆ ಮಾಡ್ಸು. ಜನವರೀಲಿ ಹದಿನೈದು ದಿನ ರಜ ಹಾಕಿ ಬರ್ತೀನಿ, ಅಂಟಿನುಂಡೆ ತರ್ತೀನಿ."

"ರಜಾನಾ? ಅಮ್ಮಾ, ವಾಟ್ ಆರ್ ಯೂ ಸೇಯಿಂಗ್?"

"ನಾನು ಬಾಂಡೆಬಲ್ ಕಣೋ," ಎಂದರು ಆಂಟಿ. "ಹಾಗಂದ್ರೆ ಏನು ಅಂತ ಹುಡುಕಿ ನೋಡು. ಯಾಮಿನೀನ ಮಾತ್ರ ಕೇಳ್ಬೇಡ."

ಡಿಸೆಂಬರಿನಲ್ಲಿ ಯಾಮಿನಿ ಊರಿಗೆ ಹೊರಟಾಗ ಕಂಪನಿಯ ಆಫೀಸಿಗೆ ಹೋಗಿ, ಸಹಿ ಹಾಕಿ, ಬೀಗದ ಕೈ ಕೊಟ್ಟು ರಸೀದಿ ಪಡೆದಳು. ಗಿಡಕ್ಕೆ ನೀರು, ಅಂಚೆ, ನಲ್ಲಿ ಎಂದು ಗುರುತು ಹಾಕಿದಳು. ದೀಪದ ಮಾತು ಅಲ್ಲಿ ಬರೆಯಲು ಅವಳಿಗೆ ಕೈ ಬರಲಿಲ್ಲ. ಇನ್ನು ಅದನ್ನು ಕೇಳುವ ಹಕ್ಕು ತನಗಿಲ್ಲವೆನಿಸಿತ್ತು.

ಬೆಂಗಳೂರಿನಲ್ಲಿ ಒಂದು ಶುಕ್ರವಾರ ಸಂಜೆ ತಾಯಿಯ ಮನೆಯ ನಡುಮನೆಯಲ್ಲಿ ಕೂತಿದ್ದಾಗ ಫೋನಿಗೆ ಕಂಪನಿಯ ವರದಿ ಬಂತು. ನಲ್ಲಿ ಸರಿಯಿದೆ. ಗರಾಜ್ ಭದ್ರ. ಕರಿಬೇವಿನ ಚಿತ್ರ, ನೀರು ಕುಡಿದು ಹೊಳೆಯುವ ಎಲೆ. ಕೆಳಗೆ ಷರಾ ಎಂಬ ಕಡೆ ಮೈಥಿಲಿ ಶೇಷಾದ್ರಿಯವರ ಇಂಗ್ಲಿಷ್ ಇತ್ತು:

ಲ್ಯಾಂಪ್ ಲಿಟ್, 8:10. ಲ್ಯಾಂಪ್ ಬಿಕೇಮ್ ಪೀಸ್‌ಫುಲ್, 8:32. ದೆನ್ ಓನ್ಲಿ ಲಾಕ್ಡ್. ಪ್ಲೀಸ್ ಬಿಲ್ 22 ಮಿನಿಟ್ಸ್.